ಸೇನಾಪತಿ ರಾಜಧಾನಿ ತಲುಪಿದ್ದರೆ?

ಪ್ರಯೋಗಾಲಯದಲ್ಲಿ ಒಂದು ಪ್ರಯೋಗ ಕೆಟ್ಟರೆ ಪ್ರಣಾಳ ತೊಳೆದು ಮತ್ತೆ ಮಾಡಬಹುದು. ಆಮ್ಲದ ಪ್ರಮಾಣವೊಂದನ್ನೇ ಬದಲಿಸಿ, ಉಳಿದದ್ದನ್ನೆಲ್ಲ ಹಾಗೆಯೇ ಇಟ್ಟು, ಫಲಿತಾಂಶ ಎತ್ತ ಹೋಗುತ್ತದೆಂದು ನೋಡಬಹುದು. ಇತಿಹಾಸಕ್ಕೆ ಈ ಅನುಕೂಲವಿಲ್ಲ. 1917 ಎಂಬ ವರ್ಷ ಒಂದೇ ಸಲ ಬಂದು ಹೋಯಿತು. ಆದರೂ 'ಹಾಗಾಗದೆ ಹೀಗಾಗಿದ್ದರೆ?' ಎಂದು ಕೇಳುವ ಚಪಲ ಮನುಷ್ಯನಿಗೆ ತಪ್ಪಿದ್ದಲ್ಲ. ಈ ಚಪಲದಿಂದಲೇ ಒಂದು ಕಥಾಪ್ರಕಾರ ಹುಟ್ಟಿದೆ. ಅದರ ಕಾದಂಬರಿಗಳಲ್ಲಿ, ಮಕ್ಕಳು ಗಂಟೆಗಟ್ಟಲೆ ಆಡುವ ಕಂಪ್ಯೂಟರ್ ಆಟಗಳಲ್ಲಿ, ಲೆನಿನ್ ಸೋತಿರುತ್ತಾನೆ. ರಷ್ಯವನ್ನು ಒಬ್ಬ ಸೇನಾಪತಿ ಆಳುತ್ತಿರುತ್ತಾನೆ. ಕೆಲವು ಸಲ ಆ ಸೇನಾಪತಿಯ ಹೆಸರು ಲಾವ್ರ್ ಕಾರ್ನಿಲೋವ್.

ಇದು ಮಕ್ಕಳ ಆಟಕ್ಕಷ್ಟೇ ಸೇರಿದ ವಿಷಯವಲ್ಲ. ಲಂಚ, ಗದ್ದಲ, ಪಕ್ಷಾಂತರಗಳನ್ನು ಕಂಡು ಬೇಸತ್ತ ಹಿರಿಯರು 'ಐದು ವರ್ಷ ಮಿಲಿಟರಿಯವರ ಕೈಗೆ ಕೊಟ್ಟು ನೋಡಬೇಕು' ಎನ್ನುವುದನ್ನು ಯಾವ ಬಸ್ಸಿನಲ್ಲಾದರೂ ಕೇಳಬಹುದು. 1917ರ ಬೇಸಗೆಯಲ್ಲಿ ರಷ್ಯದ ಎಷ್ಟೋ ಓದಿದ ಜನ, ವ್ಯಾಪಾರಸ್ಥರು, ಅಧಿಕಾರಿಗಳು ಇದೇ ಮಾತನ್ನಾಡುತ್ತಿದ್ದರು. ಅವರ ಕಣ್ಣಿಗೆ ಬಿದ್ದವನೇ ಈ ಕಾರ್ನಿಲೋವ್.

ಆತ ರಾಜಮನೆತನದವನಲ್ಲ. 1870ರಲ್ಲಿ ಈಗಿನ ಕಜಾಕ್‌ಸ್ತಾನಕ್ಕೆ ಸೇರಿದ ಉಸ್ತ್-ಕಾಮೆನೊಗೊರ್ಸ್ಕ್ ಎಂಬಲ್ಲಿ, ಕೆಳದರ್ಜೆಯ ಕೊಸಾಕ್ ಅಧಿಕಾರಿಯೊಬ್ಬನ ಮನೆಯಲ್ಲಿ ಹುಟ್ಟಿದ. ಓದಿನಲ್ಲಿ ಚುರುಕು. ಮಧ್ಯ ಏಷ್ಯದ ಭಾಷೆಗಳನ್ನು ಕಲಿತು ಪರ್ಷಿಯ, ಕಾಷ್ಗರ್ ಪ್ರಾಂತಗಳಲ್ಲಿ ತಿರುಗಾಡಿ ಕಾಷ್ಗರ್ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದ. 1903-04ರಲ್ಲಿ ಬ್ರಿಟಿಷ್ ಭಾರತಕ್ಕೂ ಬಂದು, ಇಲ್ಲಿನ ಸೈನ್ಯವ್ಯವಸ್ಥೆಯನ್ನು ನೋಡಿ, ಹಿಂದಿರುಗಿ ವರದಿ ಬರೆದ. ಮೊದಲ ಮಹಾಯುದ್ಧದಲ್ಲಿ 1915ರಲ್ಲಿ ಆಸ್ಟ್ರಿಯನ್ನರಿಗೆ ಸೆರೆಸಿಕ್ಕಿ, ಮರುವರ್ಷ ಆಸ್ಟ್ರಿಯದ ಸೈನಿಕನ ವೇಷದಲ್ಲಿ ತಪ್ಪಿಸಿಕೊಂಡು ರುಮೇನಿಯದ ಮೂಲಕ ಸ್ವದೇಶ ಸೇರಿದ. ಆಮೇಲೆ ಕೇಳಬೇಕೆ? ಪತ್ರಿಕೆಗಳ ಪಾಲಿಗೆ ಆತ ವೀರಪುರುಷನಾದ.

1917ರ ಮಾರ್ಚ್‌ನಲ್ಲಿ ಝಾರ್ ಚಕ್ರವರ್ತಿ ಸಿಂಹಾಸನ ಬಿಟ್ಟಿಳಿದಾಗ ಸಾಮ್ರಾಜ್ಞಿಯನ್ನು ಬಂಧನದಲ್ಲಿಟ್ಟ ಅಧಿಕಾರಿಯೂ ಕಾರ್ನಿಲೋವನೇ. ಅಂದರೆ ಆತ ಝಾರ್ ದೊರೆಯನ್ನು ಮರಳಿ ತರಲು ಹೊರಟವನಲ್ಲ. ಶಿಸ್ತು ಬೇಕು, ಯುದ್ಧ ಗೆಲ್ಲಬೇಕು, ಗದ್ದಲ ನಿಲ್ಲಬೇಕು. ಇಷ್ಟೇ ಅವನ ರಾಜಕೀಯ. ಆಗಸ್ಟ್ ಆರಂಭದ ಹೊತ್ತಿಗೆ ಪ್ರಧಾನಿ ಕೆರೆನ್‌ಸ್ಕಿ ಅವನನ್ನೇ ಮಹಾದಂಡನಾಯಕನನ್ನಾಗಿ ನೇಮಿಸಿದ. ಕೆರೆನ್‌ಸ್ಕಿ ವಕೀಲ, ಮಾತುಗಾರ. ಒಂದು ಕಡೆ ಕಾರ್ಮಿಕರ ಮತ್ತು ಸೈನಿಕರ ಮಂಡಲಿಗಳಾದ ಸೋವಿಯತ್ತುಗಳು, ಇನ್ನೊಂದು ಕಡೆ ಸೇನಾಪತಿಗಳು. ನಡುವೆ ದೊಂಬರಾಟದ ಹಗ್ಗದ ಮೇಲೆ ಅವನ ನಡಿಗೆ.

ಇಲ್ಲಿ ತಾರೀಖುಗಳ ಬಗ್ಗೆ ಒಂದು ಮಾತು. ಆಗಿನ ರಷ್ಯದ ಪಂಚಾಂಗ ನಮ್ಮದಕ್ಕಿಂತ 13 ದಿನ ಹಿಂದಿತ್ತು. ಆದ್ದರಿಂದಲೇ ನವೆಂಬರ್ 7ರಂದು ನಡೆದದ್ದು 'ಅಕ್ಟೋಬರ್ ಕ್ರಾಂತಿ' ಎನಿಸಿಕೊಂಡಿತು. 1918ರಲ್ಲಿ ಜನವರಿ 31ರ ಮರುದಿನವನ್ನು ಫೆಬ್ರವರಿ 14 ಎಂದು ಕರೆದು ಅವರು ಲೆಕ್ಕ ಸರಿಮಾಡಿಕೊಂಡರು. ಈ ಲೇಖನದ ತಾರೀಖುಗಳೆಲ್ಲ ಹೊಸ ಪಂಚಾಂಗದವು.

ಸೆಪ್ಟೆಂಬರ್ 3ರಂದು ರೀಗಾ ನಗರ ಜರ್ಮನರ ವಶವಾಯಿತು. ರಾಜಧಾನಿ ಪೆಟ್ರೊಗ್ರಾಡ್‌ಗೆ ದಾರಿ ತೆರೆದಂತಾಯಿತು. ಈ ಹೊತ್ತಿನಲ್ಲಿ ವ್ಲಾದಿಮಿರ್ ಲ್ವೋವ್ ಎಂಬ ಮಾಜಿ ಸಚಿವ ತಾನೇ ತಾನಾಗಿ ಸಂಧಾನಕಾರನ ಪಾತ್ರ ವಹಿಸಿಕೊಂಡ. ಕಾರ್ನಿಲೋವನ ಬಳಿಗೆ ಹೋಗಿ, ಕೆರೆನ್‌ಸ್ಕಿಯೇ ಕಳುಹಿಸಿದ್ದಾನೆಂಬಂತೆ, 'ಮುಂದಿನ ಸರಕಾರ ಹೇಗಿರಬೇಕು?' ಎಂದು ಕೇಳಿ ಮೂರು ದಾರಿಗಳನ್ನು ಮುಂದಿಟ್ಟ. ಸರ್ವಾಧಿಕಾರ ಮಹಾದಂಡನಾಯಕನ ಕೈಗೆ ಬರುವ ದಾರಿ ಒಳ್ಳೆಯದೆಂದು ಕಾರ್ನಿಲೋವ್ ಒಪ್ಪಿದ. ಲ್ವೋವ್ ಪೆಟ್ರೊಗ್ರಾಡ್‌ಗೆ ಬಂದು ಅದನ್ನೇ ಕೆರೆನ್‌ಸ್ಕಿಗೆ ಸೇನಾಪತಿಯ ಬೇಡಿಕೆಯೆಂಬಂತೆ ಒಪ್ಪಿಸಿದ. ರಾಜಧಾನಿಯಲ್ಲಿ ಸೇನಾ ಕಾಯಿದೆ ಜಾರಿಯಾಗಬೇಕು, ಸಚಿವರೆಲ್ಲ ರಾಜೀನಾಮೆ ಕೊಡಬೇಕು, ಅಧಿಕಾರ ಕಾರ್ನಿಲೋವನಿಗೆ! ಕೆರೆನ್‌ಸ್ಕಿ ಬೆಚ್ಚಿದ. ಅದನ್ನು ಕಾಗದದ ಮೇಲೆ ಬರೆಸಿಕೊಂಡ. ನಿಜವೋ ಸುಳ್ಳೋ ಎಂದು ತಿಳಿಯಲು ಸೆಪ್ಟೆಂಬರ್ 8ರ ಸಂಜೆ ನೇರವಾಗಿ ಕಾರ್ನಿಲೋವನನ್ನೇ ಸಂಪರ್ಕಿಸಿದ.

ಸಂಪರ್ಕಿಸಿದ್ದು ದೂರವಾಣಿಯಲ್ಲಲ್ಲ, ಹ್ಯೂಸ್ ಟೆಲಿಗ್ರಾಫ್ ಯಂತ್ರದಲ್ಲಿ. ವಿದ್ಯಾರ್ಥಿಗಳು ಈ ಯಂತ್ರವನ್ನು ತಿಳಿದಿರಬೇಕು. ಡೇವಿಡ್ ಹ್ಯೂಸ್ 1855ರಲ್ಲಿ ರೂಪಿಸಿದ ಇದಕ್ಕೆ ಪಿಯಾನೊದಂತೆ ಕಪ್ಪು ಬಿಳುಪಿನ 28 ಕೀಲಿಗಳು. ಎರಡೂ ಊರುಗಳ ಯಂತ್ರಗಳಲ್ಲಿ ಅಂಚಿನ ಮೇಲೆ ಅಕ್ಷರಗಳಿರುವ ಒಂದೊಂದು ಚಕ್ರ ಒಂದೇ ವೇಗದಲ್ಲಿ ಸುತ್ತುತ್ತಿರುತ್ತದೆ. ಈ ಊರಿನಲ್ಲಿ ಕೀಲಿ ಒತ್ತಿದಾಗ ತಂತಿಯಲ್ಲಿ ಹೋಗುವುದು ವಿದ್ಯುತ್ತಿನ ಒಂದೇ ಒಂದು ಮಿಡಿತ. ಆ ಕ್ಷಣಕ್ಕೆ ಆ ಊರಿನ ಚಕ್ರದಲ್ಲಿ ಯಾವ ಅಕ್ಷರ ಕೆಳಗಿದೆಯೋ ಅದು ಕಾಗದದ ಪಟ್ಟಿಯ ಮೇಲೆ ಅಚ್ಚಾಗುತ್ತದೆ. ಮೋರ್ಸ್ ಸಂಕೇತದ ಕಡ್ಡಿ ಚುಕ್ಕೆಗಳ ತೊಂದರೆಯಿಲ್ಲ; ನೇರವಾಗಿ ಅಕ್ಷರವನ್ನೇ ಓದಬಹುದು. ಎಲ್ಲವೂ ಸರಿ. ಆದರೆ ಅಚ್ಚಾದ ಅಕ್ಷರಕ್ಕೆ ದನಿಯಿಲ್ಲ, ಮುಖವಿಲ್ಲ. ಕೀಲಿಮಣೆಯ ಮುಂದೆ ಕೂತವರು ಯಾರೆಂದು ಪಟ್ಟಿ ಹೇಳುವುದಿಲ್ಲ.

ಆ ಸಂಜೆ ಲ್ವೋವ್ ಬರುವುದು ತಡವಾಯಿತು. ಕೆರೆನ್‌ಸ್ಕಿ ಕಾಯಲಿಲ್ಲ. ಲ್ವೋವ್ ತನ್ನ ಪಕ್ಕದಲ್ಲೇ ಇದ್ದಾನೆಂದು ನಟಿಸಿ, ಅವನ ಹೆಸರಿನಲ್ಲಿಯೂ ತಾನೇ ಪ್ರಶ್ನೆ ಕಳುಹಿಸಿದ. ಲ್ವೋವ್ ತಂದ ಸುದ್ದಿಯಂತೆ ನಡೆಯಬಹುದೇ? ಆ 'ನಿರ್ಧಾರ'ವನ್ನು ಜಾರಿಗೆ ತರಬೇಕೇ? ಅತ್ತ ಮೊಗಿಲ್ಯೋವಿನ ಸೇನಾ ಕಚೇರಿಯಲ್ಲಿ ಕೂತಿದ್ದ ಕಾರ್ನಿಲೋವ್, 'ಯಾವ ಸುದ್ದಿ? ಯಾವ ನಿರ್ಧಾರ?' ಎಂದು ಕೇಳಲಿಲ್ಲ. ಹೌದು ಎಂದು ದೃಢಪಡಿಸಿ, ಕೆರೆನ್‌ಸ್ಕಿ ಮೊಗಿಲ್ಯೋವಿಗೆ ಬರಬೇಕೆಂದು ಒತ್ತಾಯಿಸಿದ. ಕೆರೆನ್‌ಸ್ಕಿಗೆ ಇಷ್ಟೇ ಸಾಕಾಯಿತು. ಆಮೇಲೆ ಬಂದ ಲ್ವೋವನಿಂದ ಅದೇ ಮಾತುಗಳನ್ನು ಮತ್ತೆ ಹೇಳಿಸಿ, ಕೋಣೆಯಲ್ಲಿ ಅಡಗಿದ್ದ ಅಧಿಕಾರಿಯೊಬ್ಬ ಕೇಳಿಸಿಕೊಳ್ಳುವಂತೆ ಮಾಡಿ, ಲ್ವೋವನನ್ನು ಬಂಧಿಸಿದ. ಮರುದಿನ ಕಾರ್ನಿಲೋವನಿಗೆ ತಂತಿ ಹೋಯಿತು: ನಿನ್ನನ್ನು ಹುದ್ದೆಯಿಂದ ತೆಗೆಯಲಾಗಿದೆ. ಕೊಸಾಕ್ ರೈತನ ಮಗನೆಂದು ಹೇಳಿಕೊಳ್ಳುತ್ತಿದ್ದ ಜನರಲ್ ಒಪ್ಪಲಿಲ್ಲ. ಬಹಿರಂಗವಾಗಿ ತಿರುಗಿಬಿದ್ದ. ಮೊದಲಿನಿಂದಲೂ ಆತ ಪಿತೂರಿ ನಡೆಸುತ್ತಿದ್ದನೇ ಅಥವಾ ಈ ಗೊಂದಲವೇ ಅವನನ್ನು ದಂಗೆಗೆ ದೂಡಿತೇ ಎಂಬ ಬಗ್ಗೆ ಇತಿಹಾಸಕಾರರ ಜಗಳ ನೂರು ವರ್ಷ ಕಳೆದರೂ ಮುಗಿದಿಲ್ಲ.

ಭೂಪಟ ತೆಗೆದು ನೋಡಿ. ಪೆಟ್ರೊಗ್ರಾಡ್, ಅಂದರೆ ಈಗಿನ ಸೇಂಟ್ ಪೀಟರ್ಸ್‌ಬರ್ಗ್, ಮತ್ತು ಮೊಗಿಲ್ಯೋವ್ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಅಕ್ಷಾಂಶದಲ್ಲಿ ಆರು ಡಿಗ್ರಿ ಅಂತರ. ಡಿಗ್ರಿಗೆ 111 ಕಿಲೋಮೀಟರಿನಂತೆ ದೂರವನ್ನು ನೀವೇ ಲೆಕ್ಕ ಹಾಕಬಹುದು. ಇಷ್ಟು ದೂರದಿಂದ ರಾಜಧಾನಿಯನ್ನು ಹಿಡಿಯಲು ಬೇಕಾದದ್ದು ಧೈರ್ಯಕ್ಕಿಂತ ಮೊದಲು ರೈಲು. ಜನರಲ್ ಕ್ರಿಮೋವನ ಅಶ್ವದಳ ರೈಲುಗಳಲ್ಲಿ ಹೊರಟಿತು. ರೈಲ್ವೆ ನೌಕರರು ಹಳಿ ಕಿತ್ತರು, ವ್ಯಾಗನುಗಳನ್ನು ಅಡ್ಡ ನಿಲ್ಲಿಸಿದರು, ರೈಲುಗಳನ್ನು ಬೇರೆ ದಾರಿಗೆ ತಿರುಗಿಸಿದರು. ತಂತಿ ನೌಕರರು ಕಾರ್ನಿಲೋವನ ಸಂದೇಶಗಳನ್ನು ರವಾನಿಸಲಿಲ್ಲ. ನಿಂತ ರೈಲುಗಳೊಳಗೆ ಕಾರ್ಮಿಕರ ಪ್ರತಿನಿಧಿಗಳು ನುಗ್ಗಿ ಸೈನಿಕರೊಡನೆ ಮಾತಿಗಿಳಿದರು. ಸೈನ್ಯದಲ್ಲಿ ಕಾಕಸಸ್ ಪರ್ವತ ಪ್ರದೇಶದ ಮುಸ್ಲಿಂ ಯೋಧರ ಒಂದು ವಿಭಾಗವಿತ್ತು. ಅವರೊಡನೆ ಮಾತನಾಡಲು ಅವರದೇ ನಾಡಿನ ಮುಖಂಡರು ಹೋದರು. ತಾವು ಎಲ್ಲಿಗೆ, ಏಕೆ ಹೋಗುತ್ತಿದ್ದೇವೆಂಬುದು ಅನೇಕ ಸೈನಿಕರಿಗೆ ಗೊತ್ತೇ ಇರಲಿಲ್ಲ. ಕೆಲವೇ ದಿನಗಳಲ್ಲಿ ದಂಡು ಕರಗಿಹೋಯಿತು. ಸೆಪ್ಟೆಂಬರ್ 13ರಂದು ಕೆರೆನ್‌ಸ್ಕಿಯನ್ನು ಕಂಡು ಬಂದ ಕ್ರಿಮೋವ್ ತಾನೇ ಗುಂಡು ಹಾರಿಸಿಕೊಂಡು ಸತ್ತ. ಕಾರ್ನಿಲೋವ್ ಸೆರೆಯಾದ.

ಇದರ ಲಾಭ ಕೆರೆನ್‌ಸ್ಕಿಗೆ ಸಿಗಲಿಲ್ಲ. ರಾಜಧಾನಿಯ ರಕ್ಷಣೆಗೆಂದು ಬೊಲ್ಷೆವಿಕರ ಕೈಗೆ ಬಂದೂಕು ಬಂದಿದ್ದವು. ಅಪಾಯ ಕಳೆದ ಮೇಲೆ ಅವನ್ನು ಹಿಂದಿರುಗಿಸುವವರು ಯಾರು? ಜೈಲಿನಲ್ಲಿದ್ದ ಟ್ರಾಟ್‌ಸ್ಕಿ ಬಿಡುಗಡೆಯಾದ. ಎಂಟು ವಾರಗಳಲ್ಲಿ ಕೆರೆನ್‌ಸ್ಕಿಯ ಸರಕಾರವೇ ಉರುಳಿತು.

ಈಗ ಮೂಲ ಪ್ರಶ್ನೆಗೆ ಬರೋಣ. ಹಳಿಗಳು ಸರಿಯಾಗಿದ್ದು, ಕ್ರಿಮೋವ್ ಪೆಟ್ರೊಗ್ರಾಡ್ ಹೊಕ್ಕಿದ್ದರೆ? ಪ್ರಯೋಗವನ್ನು ಮತ್ತೆ ಮಾಡಲಾಗದಿದ್ದಾಗ ಖಗೋಳ ವಿಜ್ಞಾನಿಗಳು ಒಂದು ಉಪಾಯ ಮಾಡುತ್ತಾರೆ. ಸೂರ್ಯನ ಭವಿಷ್ಯ ತಿಳಿಯಲು ಸೂರ್ಯನಂಥ ಬೇರೆ ನಕ್ಷತ್ರಗಳನ್ನು ನೋಡುತ್ತಾರೆ. ಕಾರ್ನಿಲೋವನಂಥವರು ಅದೇ ಕಾಲದಲ್ಲಿ, ಅದೇ ಸಾಮ್ರಾಜ್ಯದ ನೆಲದಲ್ಲಿ ಇಬ್ಬರಿದ್ದರು. ಇಬ್ಬರೂ ನಿಜವಾಗಿಯೇ ಆಳಿದವರು.

ಒಬ್ಬ ಅಡ್ಮಿರಲ್ ಕೊಲ್ಚಾಕ್. ಹಡಗಿನವನು, ಅದಕ್ಕೂ ಮೊದಲು ಒಳ್ಳೆಯ ವಿಜ್ಞಾನಿ. ಉತ್ತರ ಧ್ರುವಸಾಗರದಲ್ಲಿ ಕಾಣೆಯಾದ ಬ್ಯಾರನ್ ಟೋಲ್ ಎಂಬ ಅನ್ವೇಷಕನನ್ನು ಹುಡುಕಲು 1903ರಲ್ಲಿ ತೆರೆದ ದೋಣಿಯಲ್ಲಿ ಮಂಜುಗಡ್ಡೆಗಳ ನಡುವೆ ಬೆನೆಟ್ ದ್ವೀಪಕ್ಕೆ ಹೋದವನು. ಟೋಲ್ ಸಿಗಲಿಲ್ಲ, ಅವನ ಬರಹಗಳು ಸಿಕ್ಕವು. ಸಾಗರದ ಮಂಜುಗಡ್ಡೆಯ ಬಗ್ಗೆ 1909ರಲ್ಲಿ ಕೊಲ್ಚಾಕ್ ಪ್ರಕಟಿಸಿದ ಗ್ರಂಥಕ್ಕೆ ಇಂದಿಗೂ ಬೆಲೆಯಿದೆ. ಇಂಥವನನ್ನು 1918ರ ನವೆಂಬರ್ 18ರಂದು ಸೈಬೀರಿಯದ ಓಮ್ಸ್ಕ್ ನಗರದಲ್ಲಿ 'ರಷ್ಯದ ಪರಮೋಚ್ಚ ಆಡಳಿತಗಾರ' ಎಂದು ಕೂರಿಸಲಾಯಿತು. ಕೈಯಲ್ಲಿ ಝಾರ್ ಕಾಲದ ಬಂಗಾರದ ನಿಧಿಯಿತ್ತು, ಬ್ರಿಟನ್ ಮತ್ತು ಫ್ರಾನ್ಸಿನ ನೆರವಿತ್ತು, ದೊಡ್ಡ ಸೈನ್ಯವಿತ್ತು. ಆತ ಲಂಚಕೋರನಲ್ಲ ಎಂಬುದನ್ನು ವೈರಿಗಳೂ ಒಪ್ಪಿದರು. ಆದರೆ ಸೈನಿಕರೆಲ್ಲ ರೈತರ ಮಕ್ಕಳು. ಅವರಿಗೆ ಬೇಕಿದ್ದದ್ದು ಭೂಮಿ. ಕೊಲ್ಚಾಕ್ ಅದರ ಅಂತಿಮ ತೀರ್ಮಾನವನ್ನು ಯುದ್ಧ ಮುಗಿಯಲೆಂದು ಮುಂದೂಡಿದ. ಅವನ ಹೆಸರಿನಲ್ಲಿ ಅಧಿಕಾರಿಗಳು ಹಳ್ಳಿಗಳಲ್ಲಿ ಛಡಿಯೇಟು, ನೇಣು ನಡೆಸಿದರು. ಓಮ್ಸ್ಕ್‌ನಲ್ಲೇ ಆ ಡಿಸೆಂಬರ್‌ನಲ್ಲಿ, ಜನ ಆರಿಸಿದ್ದ ಸಂವಿಧಾನ ಸಭೆಯ ಸದಸ್ಯರನ್ನು ಅವನ ಸೈನ್ಯಾಧಿಕಾರಿಗಳು ಕೊಂದರು. ಪ್ರಾಮಾಣಿಕನಾದ ಒಬ್ಬನ ಕೈಯಲ್ಲಿ ಎಲ್ಲ ಅಧಿಕಾರ ಇಟ್ಟರೂ ಕೆಳಗಿನ ಸಾವಿರ ಕೈಗಳನ್ನು ಹಿಡಿಯುವವರು ಇರಲಿಲ್ಲ. ಒಂದು ವರ್ಷದಲ್ಲಿ ಓಮ್ಸ್ಕ್ ಕೈಬಿಟ್ಟಿತು. 1920ರ ಫೆಬ್ರವರಿ 7ರಂದು ಇರ್ಕುತ್ಸ್ಕ್‌ನಲ್ಲಿ ಕೊಲ್ಚಾಕನನ್ನು ಗುಂಡಿಕ್ಕಿ ಕೊಂದು ಹೆಣವನ್ನು ನದಿಯ ಮಂಜುಗಡ್ಡೆಯಲ್ಲಿ ಕೊರೆದ ರಂಧ್ರಕ್ಕೆ ತಳ್ಳಿದರು. ಮಂಜುಗಡ್ಡೆಯ ವಿಜ್ಞಾನಿಗೆ ಬಂದ ಸಾವು!

ಇನ್ನೊಬ್ಬ ಮಾನೆರ್‌ಹೈಮ್. ಫಿನ್ಲೆಂಡಿನಲ್ಲಿ ಹುಟ್ಟಿ ಮೂವತ್ತು ವರ್ಷ ಝಾರ್ ಸೈನ್ಯದಲ್ಲಿದ್ದ ಜನರಲ್. ಸ್ವಾರಸ್ಯವೆಂದರೆ ಇವನೂ ಕಾರ್ನಿಲೋವನಂತೆ ಕಾಷ್ಗರ್ ಸುತ್ತಿದವನು. 1906ರಿಂದ 1908ರವರೆಗೆ ಕುದುರೆಯ ಮೇಲೆ ಮಧ್ಯ ಏಷ್ಯ ದಾಟಿ ಪೀಕಿಂಗ್ ತಲುಪಿದ್ದ. 1918ರ ಅಂತರ್ಯುದ್ಧದಲ್ಲಿ ಫಿನ್ಲೆಂಡಿನ ಬಿಳಿ ಸೈನ್ಯವನ್ನು ನಡೆಸಿ ಗೆದ್ದ. ಆ ಗೆಲುವೂ ಶುಭ್ರವಲ್ಲ. ಸೋತವರ ಸೆರೆಶಿಬಿರಗಳಲ್ಲಿ ಹಸಿವು, ರೋಗಗಳಿಂದ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಡಿಸೆಂಬರ್‌ನಲ್ಲಿ ಆತ ದೇಶದ ರಾಜಪ್ರತಿನಿಧಿಯಾದ. 1919ರ ಜುಲೈನಲ್ಲಿ ಹೊಸ ಸಂವಿಧಾನಕ್ಕೆ ಸಹಿ ಹಾಕಿದ. ಅದೇ ತಿಂಗಳು ಅಧ್ಯಕ್ಷ ಸ್ಥಾನಕ್ಕೆ ಸಂಸತ್ತಿನಲ್ಲಿ ಮತದಾನವಾಯಿತು. ಕಾನೂನು ಪಂಡಿತ ಸ್ಟಾಲ್‌ಬರ್ಗ್‌ಗೆ 143 ಮತ, ಸೇನಾಪತಿಗೆ 50. ಮಾನೆರ್‌ಹೈಮ್ ಕುರ್ಚಿ ಬಿಟ್ಟು ಎದ್ದುಹೋದ. ಅಲ್ಲಿ ಸಂಸತ್ತು ಮೊದಲೇ ಇತ್ತು, 1906ರಿಂದ ಹೆಂಗಸರಿಗೂ ಮತವಿತ್ತು. ಸೇನಾಪತಿಯ ಎದುರು ಎಣಿಸಲು ಮತಗಳಿದ್ದವು. ಇವೇ ದಿನಗಳಲ್ಲಿ ಪೆಟ್ರೊಗ್ರಾಡ್ ಮೇಲೆ ಮಾನೆರ್‌ಹೈಮ್ ದಾಳಿ ಮಾಡುವ ಮಾತೂ ಎದ್ದಿತ್ತು. ಫಿನ್ಲೆಂಡಿನ ಸ್ವಾತಂತ್ರ್ಯವನ್ನು ಕೊಲ್ಚಾಕ್ ಮಾನ್ಯಮಾಡಿದ್ದರೆ ಏನಾಗುತ್ತಿತ್ತೋ. ಆತ ಮಾಡಲಿಲ್ಲ.

1917ರ ರಷ್ಯ ಇವೆರಡರಲ್ಲಿ ಯಾವುದಕ್ಕೆ ಹತ್ತಿರ? ಓಮ್ಸ್ಕ್‌ಗೇ ಎನ್ನಬೇಕು. ಕಾರ್ನಿಲೋವ್ ಯುದ್ಧ ಮುಂದುವರಿಸಲು ಹೊರಟವನು. ಸೈನಿಕರು ಬಂದೂಕು ಬಿಸುಟು ಊರ ದಾರಿ ಹಿಡಿದಿದ್ದರು. ನಗರ ಅವನ ವಶವಾಗಿದ್ದರೂ ರೈಲು, ತಂತಿ, ಹಳ್ಳಿ ಈ ಮೂರೂ ಅವನ ವಶದಲ್ಲಿರಲಿಲ್ಲ. ಅಂತರ್ಯುದ್ಧ ತಪ್ಪುತ್ತಿರಲಿಲ್ಲ, ಕೆಲವು ತಿಂಗಳು ಮೊದಲೇ ಆರಂಭವಾಗುತ್ತಿತ್ತು. ಆಟದ ಪರದೆಯ ಮೇಲೆ ರಾಜಧಾನಿಯ ಬಣ್ಣ ಬದಲಾದರೆ ದೇಶದ ಬಣ್ಣವೂ ಬದಲಾಗುತ್ತದೆ. ನೆಲದ ಮೇಲೆ ಹಾಗಲ್ಲ.

ಸೆರೆಯಿಂದ ಹೊರಬಂದ ಕಾರ್ನಿಲೋವ್ ದಕ್ಷಿಣಕ್ಕೆ ಹೋಗಿ ಸ್ವಯಂಸೇವಕ ಸೈನ್ಯ ಕಟ್ಟಿದ. 1918ರ ಏಪ್ರಿಲ್ 13ರಂದು ಎಕಟೆರಿನೊಡಾರ್ ಬಳಿಯ ತೋಟದ ಮನೆಯೊಂದರ ಮೇಲೆ ಬಿದ್ದ ಫಿರಂಗಿ ಗುಂಡು ಅವನನ್ನು ಕೊಂದಿತು. ಆಗ ಅವನಿಗೆ 47 ವರ್ಷ. ಕೆರೆನ್‌ಸ್ಕಿ ದೇಶ ಬಿಟ್ಟು, 1970ರಲ್ಲಿ ನ್ಯೂಯಾರ್ಕ್‌ನಲ್ಲಿ ಸಾಯುವವರೆಗೆ, ತಪ್ಪು ತನ್ನದಲ್ಲವೆಂದು ಬರೆಯುತ್ತಲೇ ಇದ್ದ. ಹ್ಯೂಸ್ ಯಂತ್ರದ ಆ ಸಂಭಾಷಣೆಯ ಪಠ್ಯ ಉಳಿದುಬಂದಿದೆ. ಕೆಲವೇ ನಿಮಿಷಗಳಲ್ಲಿ ಓದಿ ಮುಗಿಸಬಹುದಾದಷ್ಟು ಚಿಕ್ಕದು. ಲ್ವೋವ್ ತಂದ ಬೇಡಿಕೆಗಳು ಯಾವುವು ಎಂದು ಅದರಲ್ಲಿ ಇಬ್ಬರಲ್ಲಿ ಒಬ್ಬರೂ ಹೇಳಿಲ್ಲ, ಒಬ್ಬರೂ ಕೇಳಿಲ್ಲ.