ಸೂರ್ಯವೀಕ್ಷಣೆಗೆ ತಕ್ಕ ನೇತ್ರಕ

ಬೆಲೆ ಹೆಚ್ಚಾದುದೆಲ್ಲ ಮೇಲಾದುದು ಎಂಬ ಭಾವನೆ ಲೋಕದಲ್ಲಿ ಬೇರೂರಿದೆ. ಆದರೆ ಉಪಕರಣವೊಂದರ ಯೋಗ್ಯತೆಯನ್ನು ಅಳೆಯಬೇಕಾದುದು ಅದರ ಬೆಲೆಯಿಂದಲ್ಲ, ಅದು ಮಾಡಬೇಕಾದ ಕೆಲಸದಿಂದ. ದೂರದರ್ಶಕದ ಮೂಲಕ ಸೂರ್ಯನನ್ನು ವೀಕ್ಷಿಸುವ ಕಾರ್ಯ ಇದಕ್ಕೆ ಉತ್ತಮ ನಿದರ್ಶನ.

ದೂರದರ್ಶಕದ ಮುಂತುದಿಯಲ್ಲಿರುವ ದೊಡ್ಡ ಮಸೂರ ವಸ್ತುಕ. ಕಣ್ಣಿನ ಬಳಿಯಲ್ಲಿರುವ ಚಿಕ್ಕ ಮಸೂರಗಳ ಜೋಡಣೆ ನೇತ್ರಕ. ವಸ್ತುಕವು ಬೆಳಕನ್ನು ಕೂಡಿಸಿ ಬಿಂಬವನ್ನು ಮೂಡಿಸುತ್ತದೆ. ನೇತ್ರಕವು ಅದನ್ನು ಹಿಗ್ಗಿಸುತ್ತದೆ. ನಕ್ಷತ್ರಗಳ ವೀಕ್ಷಣೆಯಲ್ಲಿ ಬೆಳಕಿನ ಕೊರತೆಯೇ ತೊಡಕು; ಸೂರ್ಯನ ವೀಕ್ಷಣೆಯಲ್ಲಾದರೋ ಬೆಳಕಿನ ಮತ್ತು ಶಾಖದ ಅತಿಶಯವೇ ಅಪಾಯ. ರಕ್ಷಣೆಯಿಲ್ಲದ ದೂರದರ್ಶಕದಿಂದ ಸೂರ್ಯನನ್ನು ನೋಡಿದರೆ ಕ್ಷಣಮಾತ್ರದಲ್ಲಿ ದೃಷ್ಟಿ ನಾಶವಾಗಬಹುದು. ಅಕ್ಷಿಪಟಕ್ಕೆ ನೋವಿನ ಅರಿವಿಲ್ಲ. ಅದು ಸುಟ್ಟುದು ತಿಳಿಯುವ ವೇಳೆಗೆ ಕಾಲ ಮಿಂಚಿರುತ್ತದೆ.

ಈ ಅಪಾಯಕ್ಕೆ ಪರಿಹಾರ ನಾಲ್ಕು ಶತಮಾನಗಳ ಹಿಂದೆಯೇ ದೊರೆಯಿತು. ಇಟಲಿಯ ಗೆಲಿಲಿಯೊನ ಶಿಷ್ಯ ಬೆನೆಡೆಟ್ಟೊ ಕಾಸ್ಟೆಲ್ಲಿಯು ನೇತ್ರಕದ ಹಿಂದೆ ಬಿಳಿಯ ಕಾಗದವನ್ನು ಹಿಡಿದು, ಅದರ ಮೇಲೆ ಸೂರ್ಯಬಿಂಬವನ್ನು ಬೀಳಿಸುವ ಕ್ರಮವನ್ನು ರೂಪಿಸಿದನು. ಗೆಲಿಲಿಯೊ 1612ರಲ್ಲಿ ಈ ರೀತಿಯಿಂದ ಸೌರಕಲೆಗಳ ಚಿತ್ರಗಳನ್ನು ದಿನದಿನವೂ ಬರೆದು, 1613ರಲ್ಲಿ ಪ್ರಕಟಿಸಿದನು. ಕಲೆಗಳು ಬಿಂಬದ ಮೇಲೆ ಸರಿಯುವುದರಿಂದ ಸೂರ್ಯನೂ ತನ್ನ ಅಕ್ಷದ ಮೇಲೆ ಆವರ್ತಿಸುತ್ತಾನೆಂಬುದು ಸ್ಪಷ್ಟವಾಯಿತು.

ಈ ಕಾರ್ಯಕ್ಕೆ ಯಾವ ನೇತ್ರಕ ತಕ್ಕುದು? ವಿಯೆನ್ನಾದ ಪ್ಲೋಸ್ಲ್ ರೂಪಿಸಿದ ನೇತ್ರಕ ಇಂದು ಬಹು ಜನಪ್ರಿಯ. ರಾತ್ರಿಯ ಆಕಾಶವನ್ನು ವಿಶಾಲವಾಗಿಯೂ ಸ್ಫುಟವಾಗಿಯೂ ತೋರಿಸುವುದರಲ್ಲಿ ಅದು ಮೇಲು. ಆದರೆ ಅದರ ಮಸೂರಗಳನ್ನು ಎರಡೆರಡಾಗಿ ಅಂಟಿನಿಂದ ಕೂಡಿಸಿರುತ್ತಾರೆ. ಸೂರ್ಯನ ಶಾಖ ಒಂದೆಡೆ ಸೇರಿದಾಗ ಆ ಅಂಟು ಕೆಡಬಹುದು. ಹದಿನೇಳನೆಯ ಶತಮಾನದಲ್ಲಿ ಹಾಲೆಂಡಿನ ಹೈಗೆನ್ಸ್ ರೂಪಿಸಿದ ನೇತ್ರಕದಲ್ಲಿರುವುದು ಬಿಡಿಬಿಡಿಯಾದ ಎರಡೇ ಮಸೂರಗಳು. ಅದರ ದೃಷ್ಟಿಕ್ಷೇತ್ರ ಕಿರಿದು. ನಕ್ಷತ್ರವೀಕ್ಷಕರು ಅದನ್ನು ಹಳೆಯದೆಂದು ಬದಿಗಿಡುವುದು ಸಹಜ. ಆದರೆ ಅಂಟಿಲ್ಲದ ಕಾರಣ, ಪ್ಲಾಸ್ಟಿಕ್ ಭಾಗಗಳೂ ಇಲ್ಲದಿದ್ದರೆ, ಅದು ಶಾಖವನ್ನು ಚೆನ್ನಾಗಿ ತಾಳಬಲ್ಲದು. ರಾತ್ರಿಗೆ ಹಿಂದಾದುದು ಹಗಲಿಗೆ ಮುಂದಾಗುವುದು ಹೀಗೆ.

ವರ್ಧನೆ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಸರಿಯಲ್ಲ. ವಸ್ತುಕದ ಸಂಗಮದೂರ 1000 ಮಿಲಿಮೀಟರ್ ಇದ್ದಾಗ, 25 ಮಿಲಿಮೀಟರಿನ ನೇತ್ರಕ 40 ಪಟ್ಟು ಹಿಗ್ಗಿಸುತ್ತದೆ. 10 ಮಿಲಿಮೀಟರಿನದು 100 ಪಟ್ಟು. ಮೊದಲನೆಯದರಲ್ಲಿ ಇಡೀ ಬಿಂಬ ಸುಲಭವಾಗಿ ಅಡಕವಾಗುತ್ತದೆ. ಎರಡನೆಯದರಲ್ಲಿ ಬಿಂಬದ ಅಂಚು ಮರೆಯಾಗಬಹುದು. ಹಗಲಿನ ಕಾದ ಗಾಳಿಯ ನಡುಕವೂ ಅಷ್ಟೇ ಹಿಗ್ಗಿ ಕಲೆಗಳು ಮಸುಕಾಗುತ್ತವೆ.

ನೇತ್ರಕಕ್ಕೆ ತಿರುಪಿನಿಂದ ಜೋಡಿಸುವ ಕಪ್ಪು ಗಾಜಿನಿಂದ ನೇರವಾಗಿ ನೋಡಬಹುದಲ್ಲವೆಂದು ಕೆಲವರು ಕೇಳಬಹುದು. ಇದು ಖಂಡಿತವಾಗಿ ತ್ಯಾಜ್ಯ. ಶಾಖವು ಕೇಂದ್ರೀಕೃತವಾಗುವ ಎಡೆಯಲ್ಲೇ ಇರುವ ಆ ಗಾಜು ಹಠಾತ್ತನೆ ಸೀಳಬಹುದು. ಅದರ ಹಿಂದೆ ಇರುವುದು ಕಣ್ಣು. ವಸ್ತುಕದ ಮುಂದೆ ಭದ್ರವಾಗಿ ಕೂರಿಸುವ ಪ್ರಮಾಣೀಕೃತ ಸೌರಶೋಧಕದ ಮಾತು ಬೇರೆ. ಅದು ಶಾಖವನ್ನು ಹೊರಗೇ ತಡೆಯುತ್ತದೆ. ಸೂಕ್ಷ್ಮ ವಿವರಗಳನ್ನು ಕಾಗದದ ಬಿಂಬಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಅದಿದ್ದಾಗ ಯಾವ ಉತ್ತಮ ನೇತ್ರಕವಾದರೂ ಆದೀತು.

ಆದರೂ ಶಾಲೆಗೆ ಒಪ್ಪುವುದು ಚಿಕ್ಕ ಮಸೂರ ದೂರದರ್ಶಕ, ಸರಳವಾದ ನೇತ್ರಕ ಮತ್ತು ಬಿಳಿಯ ಕಾಗದ. ಗುರುಗಳು ಬಳಿಯಲ್ಲಿರಬೇಕು, ಗುರಿನಳಿಗೆಯ ಬಾಯನ್ನು ಮುಚ್ಚಿರಬೇಕು, ಯಾರೂ ನೇತ್ರಕಕ್ಕೆ ಕಣ್ಣಿಡಕೂಡದು. ನೇರ ವೀಕ್ಷಣೆಯಲ್ಲಿ ಒಬ್ಬನು ಕಂಡುದನ್ನು ಉಳಿದವರು ನಂಬಬೇಕು. ಕಾಗದದ ಮೇಲೆ ಬಿದ್ದ ಬಿಂಬವನ್ನಾದರೋ ತರಗತಿಯೆಲ್ಲ ಒಟ್ಟಿಗೆ ಕಂಡು, ಕಲೆಗಳನ್ನೆಣಿಸಿ, ಚರ್ಚಿಸಬಹುದು. ಎಲ್ಲರೂ ಕಂಡು ಪರೀಕ್ಷಿಸಬಲ್ಲುದೇ ವಿಜ್ಞಾನ. ಅದನ್ನು ಕಣ್ಣಿಗೆ ಕೇಡಿಲ್ಲದಂತೆ ಸಾಧಿಸಿಕೊಡುವ ಉಪಕರಣವೇ ನಿಜವಾಗಿ ಬೆಲೆಯುಳ್ಳದ್ದು.