ಜೇಬಿನ ಚಾಕು: ಮಡಚುವುದು ಒಳ್ಳೆಯದೋ, ಮಡಚದ್ದು ಒಳ್ಳೆಯದೋ?

ಎಳನೀರು ಕೊಚ್ಚಲು ಮಚ್ಚು, ಹುಲ್ಲು ಕೊಯ್ಯಲು ಕುಡುಗೋಲು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಮನೆಗಳಿಗೆ ಇವು ಹೊಸದಲ್ಲ. ಹೊಸದೆಂದರೆ ಆನ್‌ಲೈನ್‌ನಲ್ಲಿ ಸಿಗುವ ಲಾಕ್ ಇರುವ ಮಡಚುವ ಚಾಕು. ಅದರ ಬೆನ್ನಿಗೇ ಕೆಲವು ನಂಬಿಕೆಗಳೂ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಒಂದೊಂದಾಗಿ ನೋಡೋಣ.

ನಂಬಿಕೆ 1: ಲಾಕ್ ಇದ್ದರೆ ಚಾಕು ಮಡಚಿಕೊಳ್ಳುವುದೇ ಇಲ್ಲ

ಪೂರ್ತಿ ನಿಜವಲ್ಲ. ಹೆಚ್ಚಿನ ಮಡಚುವ ಚಾಕುಗಳಲ್ಲಿ ಲಾಕ್ ಎಂದರೆ ಅಲಗಿನ ಬುಡಕ್ಕೆ ಅಡ್ಡ ನಿಲ್ಲುವ ತೆಳು ಲೋಹದ ಪಟ್ಟಿ, ಇಲ್ಲವೇ ಹಿಡಿಯ ಬೆನ್ನಿನಲ್ಲಿರುವ ಸ್ಪ್ರಿಂಗ್ ಕೊಕ್ಕೆ. ಹಣ್ಣು, ಹಗ್ಗ, ಗೊಬ್ಬರದ ಚೀಲ ಕೊಯ್ಯಲು ಅದು ಸಾಕು. ಆದರೆ ತಿರುಚಿದರೆ, ಅಲಗಿನ ಬೆನ್ನಿಗೆ ಏಟು ಬಿದ್ದರೆ, ಸಂದಿಯಲ್ಲಿ ಮಣ್ಣೋ ಎಳನೀರಿನ ಅಂಟೋ ಸೇರಿ ಲಾಕ್ ಪೂರ್ತಿ ಕೂರದಿದ್ದರೆ ಅಲಗು ಬೆರಳಿನ ಮೇಲೇ ಮಡಚಿಕೊಳ್ಳಬಹುದು.

ಮಡಚದ ಚಾಕುವಿನಲ್ಲಿ ಈ ಕೀಲೇ ಇಲ್ಲ. ಅಲಗಿನ ಉಕ್ಕು ಹಿಡಿಯ ಕೊನೆವರೆಗೂ ಹೋಗಿದ್ದರೆ ಗಟ್ಟಿತನ ಇನ್ನೂ ಹೆಚ್ಚು, ತೊಳೆಯುವುದೂ ಸುಲಭ. ತೊಂದರೆ ಇರುವುದು ಒಯ್ಯುವುದರಲ್ಲಿ. ಗಟ್ಟಿ ಒರೆ ಇಲ್ಲದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬೈಕಿನಿಂದ ಬಿದ್ದರೆ ಗಾಯ ನಿಮಗೇ.

ನಂಬಿಕೆ 2: 9 ಇಂಚಿನೊಳಗಿದ್ದರೆ ಯಾರೂ ಕೇಳುವಂತಿಲ್ಲ

ತಪ್ಪು ತಿಳಿವಳಿಕೆ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಎಂಬ ಅಳತೆ ಶಸ್ತ್ರಾಸ್ತ್ರ ನಿಯಮಗಳಲ್ಲಿದೆ, ನಿಜ. ಮನೆ, ಕೃಷಿ, ಕೈಗಾರಿಕೆಗೆಂದು ಮಾಡಿದ ಉಪಕರಣಗಳನ್ನು ಆ ವರ್ಗದಿಂದ ಹೊರಗಿಟ್ಟಿರುವುದೂ ನಿಜ. ಆದರೆ ಅದು ಆಯುಧಗಳ ವರ್ಗೀಕರಣ. ಅದಕ್ಕಿಂತ ಚಿಕ್ಕದನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದೆಂಬ ಪರವಾನಗಿ ಅಲ್ಲ. ದೆಹಲಿಯಲ್ಲಿ 1980ರ ಅಧಿಸೂಚನೆಯೊಂದು ಬಟನ್ ಒತ್ತಿದರೆ ತೆರೆದುಕೊಳ್ಳುವ ಚಾಕುಗಳಿಗೆ 7.62 ಸೆಂ.ಮೀ. ಉದ್ದದಿಂದಲೇ ಕಡಿವಾಣ ಹಾಕಿತು.

ಜಾಗ ಮತ್ತು ಸಂದರ್ಭವೂ ಮುಖ್ಯ. ಶ್ರೀರಂಗಪಟ್ಟಣದಲ್ಲಿ ಜೂನ್ 2022ರಲ್ಲಿ, ನಾಗಮಂಗಲದಲ್ಲಿ ಸೆಪ್ಟೆಂಬರ್ 2024ರ ಗಣೇಶ ಮೆರವಣಿಗೆಯ ಗಲಭೆಯ ಬಳಿಕ ನಿಷೇಧಾಜ್ಞೆ ಜಾರಿಯಾಗಿತ್ತು. ಇಂಥ ಆಜ್ಞೆಗಳಲ್ಲಿ ಆಯುಧ ಒಯ್ಯುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತಾರೆ. ತೋಟದಲ್ಲಿ ಸಹಜವಾಗಿ ಕಾಣುವ ಚಾಕು ಅಂದು ಪೇಟೆ ಬೀದಿಯಲ್ಲಿ ಜೇಬಿನಿಂದ ಹೊರಬಂದರೆ ಉತ್ತರಿಸಬೇಕಾದವರು ನೀವೇ. ವಿಮಾನದಲ್ಲಂತೂ ಕ್ಯಾಬಿನ್ ಬ್ಯಾಗಿನಲ್ಲಿ ಯಾವ ಬಗೆಯ ಚಾಕುವನ್ನೂ ಬಿಡುವುದಿಲ್ಲ.

ನಂಬಿಕೆ 3: ಕಾರು ನಾಲೆಗೆ ಬಿದ್ದರೆ ಚಾಕು ಜೀವ ಉಳಿಸುತ್ತದೆ

ನಮ್ಮ ಭಾಗದಲ್ಲಿ ಈ ಭಯಕ್ಕೆ ಕಾರಣವಿದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಮಂದಿ ತೀರಿಕೊಂಡರು. ಅದಾದ ಮೇಲೂ ಈ ನಾಲೆಗೆ ಕಾರುಗಳು ಬಿದ್ದಿವೆ.

ಆದರೆ ಕಾರಿನ ಪಕ್ಕದ ಗಾಜನ್ನು ಕಾಯಿಸಿ ಗಟ್ಟಿಗೊಳಿಸಿರುತ್ತಾರೆ. ಚಾಕುವಿನ ತುದಿ ಅದರ ಮೇಲೆ ಜಾರುತ್ತದೆ ಇಲ್ಲವೇ ಮುರಿಯುತ್ತದೆ, ಕೈ ಅಲಗಿನ ಮೇಲೆ ಜಾರುವ ಅಪಾಯ ಬೇರೆ. ಅದಕ್ಕೆ ಬೇಕಾದದ್ದು ಗಡುಸು ಮೊನೆಯ ಗಾಜು ಒಡೆಯುವ ಸಾಧನ. ಸೀಟ್ ಬೆಲ್ಟ್ ಕತ್ತರಿಸಲು, ಅಲಗು ಒಳಗೆ ಅಡಗಿರುವ ಕೊಕ್ಕೆಯಂಥ ಕಟ್ಟರ್ ಸುರಕ್ಷಿತ. ಎರಡೂ ಒಂದೇ ಉಪಕರಣದಲ್ಲಿ ಸಿಗುತ್ತವೆ. ಅದನ್ನು ಡಿಕ್ಕಿಯಲ್ಲಲ್ಲ, ಕೈಗೆಟಕುವಲ್ಲಿ ಇಡಿ. ಮುಂದಿನ ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವುದರಿಂದ ಅದರ ಮೇಲೆ ಸಮಯ ಕಳೆಯಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲ ಒಂದು ನಿಮಿಷ: ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕಳುಹಿಸಿ, ನೀವೂ ಹೊರಬನ್ನಿ. ನೀರು ಏರಿದ ಮೇಲೆ ಹೊರಗಿನ ಒತ್ತಡದಿಂದ ಬಾಗಿಲು ತೆರೆಯಲಾಗದು.

ನಂಬಿಕೆ 4: ಹಾವು ಕಚ್ಚಿದ ಜಾಗವನ್ನು ಕೊಯ್ದು ವಿಷ ತೆಗೆಯಬೇಕು

ಅಪಾಯಕಾರಿ ಸಲಹೆ. ಕೊಯ್ದರೆ ವಿಷ ಹೊರಬರುವುದಿಲ್ಲ, ರಕ್ತಸ್ರಾವ ಮತ್ತು ಸೋಂಕು ಹೆಚ್ಚುತ್ತವೆ. ಮಂಡಲದ ಹಾವಿನ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುವುದರಿಂದ ಸಣ್ಣ ಗಾಯವೂ ನಿಲ್ಲದೆ ಸುರಿಯಬಹುದು. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸದೆ, ಬಿಗಿಯಾಗಿ ಕಟ್ಟದೆ, 108ಕ್ಕೆ ಕರೆ ಮಾಡಿ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.

ಹಾಗಾದರೆ ಯಾವುದು?

ತೋಟ, ಗದ್ದೆ, ಅಡುಗೆಯ ಒರಟು ಕೆಲಸಕ್ಕೆ ಒರೆಯಿರುವ ಮಡಚದ ಚಾಕು ಒಳ್ಳೆಯದು. ಕೆಲಸ ಮುಗಿದ ಮೇಲೆ ಅದು ಅಲ್ಲೇ ಇರಲಿ. ಅಂಗಡಿ, ಗೋದಾಮಿನ ಚಿಕ್ಕಪುಟ್ಟ ಕೆಲಸಕ್ಕೆ ಲಾಕ್ ಇರುವ ಚಿಕ್ಕ ಮಡಚುವ ಚಾಕು ಸಾಕು. ಬಳಸುವ ಮೊದಲು ಲಾಕ್ ಕೂತಿದೆಯೇ ನೋಡಿ, ವಾರಕ್ಕೊಮ್ಮೆ ಸಂದಿ ತೊಳೆದು ಒಣಗಿಸಿ ಒಂದು ಹನಿ ಎಣ್ಣೆ ಬಿಡಿ. ಜಾತ್ರೆ, ಮೆರವಣಿಗೆ, ಬಸ್ ನಿಲ್ದಾಣಕ್ಕೆ ಹೋಗುವಾಗ ಎರಡನ್ನೂ ಮನೆಯಲ್ಲಿಡಿ.

ಕೈ ಕೊಯ್ದುಕೊಂಡರೆ ಅರಿಶಿನ, ಕಾಫಿ ಪುಡಿ ತುಂಬಬೇಡಿ. ಶುಭ್ರ ಬಟ್ಟೆಯಿಂದ ಬಿಡದೆ 10 ನಿಮಿಷ ಒತ್ತಿ ಹಿಡಿಯಿರಿ. ಗಾಯ ಆಳವಾಗಿದ್ದರೆ, ಬೆರಳು ಮರಗಟ್ಟಿದರೆ ಅಥವಾ ಮಡಚಲಾಗದಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ಕೇಳಿ.