ಒಂದೇ ತೋಟಾದ ಎರಡು ಆಯುಧಗಳು

ಅಮೆರಿಕದ ಪಶ್ಚಿಮ ಸೀಮೆಯ ಚಲನಚಿತ್ರಗಳನ್ನು ನೋಡಿ ಬೆಳೆದವರಿಗೆ ಒಂದು ದೃಶ್ಯ ಕಣ್ಣಿಗೆ ಕಟ್ಟಿದಂತಿರುತ್ತದೆ. ಸವಾರನ ಸೊಂಟದಲ್ಲಿ ಕೋಲ್ಟ್ ರಿವಾಲ್ವರ್, ಜೀನಿನ ಪಕ್ಕದ ತೊಗಲಿನ ಒರೆಯಲ್ಲಿ ವಿಂಚೆಸ್ಟರ್ ರೈಫಲ್. ಎರಡೂ ಒಂದೇ ಬಸಿರಿನಲ್ಲಿ ಹುಟ್ಟಿದವೆಂಬಷ್ಟು ಸಹಜವಾಗಿ ಜೊತೆಗಿರುತ್ತವೆ. ಸೊಂಟಪಟ್ಟಿಯಿಂದ ಕಿತ್ತ ತೋಟಾ ಯಾವುದಕ್ಕೆ ತುಂಬಿದರೂ ಸಿಡಿಯುತ್ತದೆ. ಲಿವರ್ ಆ್ಯಕ್ಷನ್ ರೈಫಲಿಗೆ ಜೊತೆಯಾಗಿ ಎಂಥ ಸಿಂಗಲ್ ಆ್ಯಕ್ಷನ್ ರಿವಾಲ್ವರನ್ನು ಆರಿಸಬೇಕೆಂಬ ಪ್ರಶ್ನೆ ಆ ದೇಶದ ಹವ್ಯಾಸಿ ಗುರಿಗಾರರಲ್ಲಿ ಇಂದಿಗೂ ಜೀವಂತವಾಗಿದೆ. ಬಹಳ ಮಂದಿ ಅದಕ್ಕೆ ಉತ್ತರ ಹುಡುಕುವುದು ಈ ಸಿನಿಮಾ ದೃಶ್ಯದಲ್ಲಿಯೇ. ಮೊದಲು ಕೋಲ್ಟಿಗೆ ಮನಸೋಲುತ್ತಾರೆ, ಆಮೇಲೆ ಅದಕ್ಕೊಪ್ಪುವ ರೈಫಲ್ ಅರಸುತ್ತಾರೆ. ನಮ್ಮ ದೃಷ್ಟಿಯಲ್ಲಿ ಇದು ತಲೆಕೆಳಗಾದ ಕ್ರಮ. ರೈಫಲ್ ಮೊದಲು ನಿಶ್ಚಯವಾಗಬೇಕು, ಅದರೊಂದಿಗೆ ತೋಟಾ. ರಿವಾಲ್ವರಿನ ಸರದಿ ಕಟ್ಟಕಡೆಗೆ.

ಇದೇಕೆಂದು ತಿಳಿಯಲು ಎರಡರ ಒಳಗನ್ನು ಇಣುಕಿ ನೋಡಬೇಕು. ಲಿವರ್ ಆ್ಯಕ್ಷನ್ ರೈಫಲಿನಲ್ಲಿ ಟ್ರಿಗರನ್ನು ಬಳಸಿಕೊಂಡಿರುವ ಸನ್ನೆಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಸುಟ್ಟ ತೋಟಾ ಹೊರಚಿಮ್ಮುತ್ತದೆ, ನಳಿಗೆಯ ಅಡಿಯ ಕೊಳವೆಯಿಂದ ಹೊಸದೊಂದು ಮೇಲೇರಿ ಕುಳಿತುಕೊಳ್ಳುತ್ತದೆ, ಕುದುರೆಯೂ ಹಿಂದಕ್ಕೆ ಸರಿದು ನಿಲ್ಲುತ್ತದೆ. ಸಿಂಗಲ್ ಆ್ಯಕ್ಷನ್ ರಿವಾಲ್ವರಿನ ಟ್ರಿಗರಿಗಾದರೋ ಒಂದೇ ಕೆಲಸ, ಎತ್ತಿ ನಿಲ್ಲಿಸಿದ ಕುದುರೆಯನ್ನು ಬೀಳಿಸುವುದು. ಪ್ರತಿ ಈಡಿಗೂ ಹೆಬ್ಬೆರಳು ಕುದುರೆಯನ್ನು ಎಳೆಯಬೇಕು. ರಿವಾಲ್ವರಿಗೆ ತೋಟಾವನ್ನು ಕೈಯಾರೆ ಒಂದೊಂದಾಗಿ ತುಂಬುತ್ತೇವೆ. ಅದರ ಉದ್ದ ಕೊಂಚ ಹೆಚ್ಚುಕಡಿಮೆಯಾದರೂ, ಮೂತಿ ಹೇಗಿದ್ದರೂ, ಗೂಡಿನಲ್ಲಿ ಕುಳಿತರೆ ಸಾಕು. ರೈಫಲ್ ಹಾಗಲ್ಲ. ಅದು ತೋಟಾವನ್ನು ತಾನೇ ಎತ್ತಬೇಕು, ತಾನೇ ತಳ್ಳಬೇಕು, ಅಂಚು ಹಿಡಿದು ತಾನೇ ಎಳೆದು ಹೊರಹಾಕಬೇಕು. ಇನ್ನೂ ಒಂದು ಸಂಗತಿ: ಕೊಳವೆಯಲ್ಲಿ ಒಂದರ ಮೂತಿ ಮುಂದಿನದರ ಬುಡದ ಸಿಡಿಗುಂಡಿಗೆ ತಾಗಿಕೊಂಡು ಸಾಲಾಗಿ ಮಲಗಿರುತ್ತವೆ. ಮೂತಿ ಚೂಪಾಗಿದ್ದರೆ ಗುಂಡು ಹಾರಿದ ಅದಿರಿಗೆ ಕೊಳವೆಯಲ್ಲಿಯೇ ಸ್ಫೋಟವಾಗುವ ಅಪಾಯವಿದೆ; ಆದ್ದರಿಂದ ಚಪ್ಪಟೆ ಮೂತಿಯ ಗುಂಡೇ ಬೇಕು. ಇಬ್ಬರಲ್ಲಿ ಹೆಚ್ಚು ಗೊಣಗುವವರ ನಾಲಗೆಗೆ ತಕ್ಕಂತೆ ಅಡಿಗೆ ಮಾಡುವುದು ಮನೆವಾರ್ತೆಯ ಜಾಣತನ. ಇಲ್ಲಿ ಗೊಣಗುವುದು ರೈಫಲ್.

ಇನ್ನು ಚರಿತ್ರೆಯ ಮಾತು. ಕೋಲ್ಟ್ ಕಂಪನಿಯ ಸಿಂಗಲ್ ಆ್ಯಕ್ಷನ್ ಆರ್ಮಿ ರಿವಾಲ್ವರನ್ನು ಅಮೆರಿಕದ ಸೇನೆ ಅಂಗೀಕರಿಸಿದ್ದು 1873ರಲ್ಲಿ. ವಿಂಚೆಸ್ಟರಿನ ಹೆಸರುವಾಸಿ ರೈಫಲಿಗೂ ಅದೇ ವರ್ಷದ ಹೆಸರು. ಹುಟ್ಟಿದ ವರ್ಷ ಒಂದಾದರೂ ಆಹಾರ ಒಂದಾಗಿರಲಿಲ್ಲ. ಕೋಲ್ಟಿನದು .45, ವಿಂಚೆಸ್ಟರಿನದು .44-40, ಎಂದರೆ 40 ಗ್ರೇನ್ ಕರಿಮದ್ದು, ಅದರ ಮೇಲೆ 200 ಗ್ರೇನ್, ನಮ್ಮ ಲೆಕ್ಕದಲ್ಲಿ ಸುಮಾರು 13 ಗ್ರಾಂ ತೂಕದ ಸೀಸದ ಗುಂಡು. ಎರಡನ್ನೂ ಹೊತ್ತ ಸವಾರ ಎರಡು ಬಗೆಯ ತೋಟಾಗಳನ್ನು ಹೊರಬೇಕಾಗಿತ್ತು. ಕೆಲವೇ ವರ್ಷಗಳಲ್ಲಿ ಕೋಲ್ಟ್ ಕಂಪನಿ .44-40 ತೋಟಾದ ರಿವಾಲ್ವರನ್ನೂ ಹೊರತಂದು, ಅದರ ನಳಿಗೆಯ ಮೇಲೆ ಫ್ರಾಂಟಿಯರ್ ಸಿಕ್ಸ್ ಶೂಟರ್ ಎಂಬ ಹೆಸರನ್ನು ಮೂಡಿಸಿತು. ಇಲ್ಲಿ ಮಣಿದದ್ದು ರಿವಾಲ್ವರ್ ಎಂಬುದನ್ನು ಗಮನಿಸಬೇಕು. .45 ಕೋಲ್ಟ್ ತೋಟಾಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ವಿಂಚೆಸ್ಟರ್ ರೈಫಲ್ ಮಾಡಲಿಲ್ಲ. ಆ ತೋಟಾದ ಬುಡದ ಅಂಚು ತೀರ ಕಿರಿದಾಗಿತ್ತು. ರಿವಾಲ್ವರಿನಲ್ಲಿ ಖಾಲಿ ತೋಟಾವನ್ನು ಕಡ್ಡಿಯೊಂದು ಒಳಗಿನಿಂದ ತಳ್ಳುವುದರಿಂದ ಅಲ್ಲಿ ತೊಡಕಿಲ್ಲ. ಅಂಚಿಗೆ ಕೊಕ್ಕೆ ಹಾಕಿ ಎಳೆಯಬೇಕಾದ ರೈಫಲಿಗೆ ಅದು ದಕ್ಕುವಂಥದಲ್ಲ. ಇಂದು ದೊರೆಯುವ .45 ಕೋಲ್ಟ್ ಲಿವರ್ ರೈಫಲುಗಳು ನಮ್ಮ ಕಾಲದ ಸೃಷ್ಟಿ. ಅವನ್ನು ಕೊಳ್ಳುವುದು ತಪ್ಪೇನಲ್ಲ. ಹಳೆಯ ಪಶ್ಚಿಮ ಸೀಮೆಯ ಅಚ್ಚ ಜೋಡಿಯೆಂದು ಹೇಳಿಕೊಳ್ಳುವುದು ಮಾತ್ರ ಸಲ್ಲದು.

ಹಾಗಾದರೆ ತೆರೆಯ ಮೇಲೆ ಎಲ್ಲಕ್ಕೂ ಎಲ್ಲವೂ ಹೊಂದಿದ್ದು ಹೇಗೆ? ಹಾಲಿವುಡ್ಡಿನವರು ‘ಫೈವ್ ಇನ್ ಒನ್’ ಎಂಬ ಗುಂಡಿಲ್ಲದ ಹುಸಿ ತೋಟಾವನ್ನು ಬಳಸುತ್ತಿದ್ದರು. .38-40, .44-40, .45 ಈ ಮೂರು ರಿವಾಲ್ವರುಗಳಿಗೂ, ಮೊದಲಿನ ಎರಡು ಅಳತೆಯ ರೈಫಲುಗಳಿಗೂ ಅದೊಂದೇ ಸಾಲುತ್ತಿತ್ತು. 1880ರ ಕಥೆಯಲ್ಲಿ ಜಾನ್ ವೇಯ್ನ್ 1892ರ ಮಾದರಿಯ ವಿಂಚೆಸ್ಟರನ್ನು ತಿರುಗಿಸುತ್ತ ಬಂದರೂ ನಾವು ಚಪ್ಪಾಳೆ ತಟ್ಟಿದವರೇ ತಾನೆ.

ನಿಜವಾದ ಯುದ್ಧಭೂಮಿಯಲ್ಲಿ ಈ ಜೋಡಿ ಯಾರ ಕೈಯಲ್ಲಿತ್ತು ಎಂಬುದು ಇನ್ನೂ ಸ್ವಾರಸ್ಯದ ವಿಷಯ. 1876ರ ಜೂನಿನಲ್ಲಿ ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಲಕೋಟಾ ಮತ್ತು ಷೆಯೆನ್ ಯೋಧರೆದುರು ಕಸ್ಟರನ ಪಡೆ ನಾಶವಾಯಿತು. ಅವನ ಸೈನಿಕರ ಬಳಿ ಇದ್ದದ್ದು ಒಂದು ಬಾರಿಗೆ ಒಂದೇ ತೋಟಾ ಹಿಡಿಯುವ ಸ್ಪ್ರಿಂಗ್‌ಫೀಲ್ಡ್ ಕಾರ್ಬೈನು, ಜೊತೆಗೆ .45 ಕೋಲ್ಟ್, ತಲಾ ನೂರು ಕಾರ್ಬೈನಿನ ತೋಟಾ, 24 ರಿವಾಲ್ವರಿನ ತೋಟಾ. ಒಂದರದು ಇನ್ನೊಂದಕ್ಕೆ ಬಾರದು. 1983ರಲ್ಲಿ ಅಲ್ಲಿನ ಹುಲ್ಲುಗಾವಲು ಬೆಂಕಿಗೆ ಆಹುತಿಯಾಗಿ ನೆಲ ಬತ್ತಲಾದ ಮೇಲೆ ಪುರಾತತ್ತ್ವಜ್ಞರು ಮಣ್ಣನ್ನು ಶೋಧಿಸಿದಾಗ, ಮೂಲನಿವಾಸಿಗಳು ನಿಂತಿದ್ದ ಜಾಗಗಳಲ್ಲಿ ಹೆನ್ರಿ ಮತ್ತು ವಿಂಚೆಸ್ಟರ್ ರೈಫಲುಗಳ ಖಾಲಿ ತೋಟಾಗಳು ಹೇರಳವಾಗಿ ದೊರೆತವು. ಗಾಡಿಗಟ್ಟಲೆ ಮದ್ದುಗುಂಡು ಹಿಂದೆಯೇ ಬರುತ್ತದೆಂಬ ಭರವಸೆಯಿರುವ ಸರ್ಕಾರದ ಸೇನೆಗೆ ಎರಡು ಬಗೆಯ ತೋಟಾ ದೊಡ್ಡ ಹೊರೆಯಲ್ಲ. ಉಗ್ರಾಣದಿಂದ ವಾರದ ದಾರಿ ದೂರವಿರುವ ದನಗಾಹಿಗೆ, ಬೇಟೆಗಾರನಿಗೆ, ತನ್ನ ನೆಲಕ್ಕಾಗಿ ಕಾದಾಡುವವನಿಗೆ ಒಂದೇ ಬಗೆಯ ತೋಟಾ ಎನ್ನುವುದು ಪ್ರಾಣದ ಪ್ರಶ್ನೆ. ಒಂದು ಆಯುಧ ಕೆಟ್ಟರೂ ಉಳಿದ ತೋಟಾ ವ್ಯರ್ಥವಾಗುವುದಿಲ್ಲ. ಕತ್ತಲಲ್ಲಿ, ಗಾಬರಿಯಲ್ಲಿ, ಚೀಲದಲ್ಲಿ ಕೈಯಾಡಿಸಿ ‘ಇದು ಯಾವುದರದು?’ ಎಂದು ತಡಕಾಡಬೇಕಾಗಿಲ್ಲ. ಈ ಜೋಡಿಯ ಹಿಂದಿರುವುದು ಅಭಾವದ ವಿವೇಕ. ಶೌರ್ಯದ ಬಣ್ಣವನ್ನು ಸಿನಿಮಾ ಬಳಿದದ್ದು.

ಅಂಗಡಿ ಪಕ್ಕದಲ್ಲಿಯೇ ಇರುವ ಈ ಕಾಲದಲ್ಲಿ ಆ ಕಟ್ಟು ಏತಕ್ಕೆ ಎಂದು ಕೇಳಬಹುದು. ಆಕ್ಷೇಪಣೆ ಹಗುರವಾದುದಲ್ಲ. ಕೈಯಳತೆಯ ತೋಟಾವನ್ನು ರೈಫಲಿಗೆ ಒಪ್ಪಿಸಿದರೆ ರೈಫಲಿನ ಬಲ ಕುಗ್ಗುತ್ತದೆ. 1873ರ ವಿಂಚೆಸ್ಟರ್ ಜಿಂಕೆಗೆ ಸಾಕಾಗುತ್ತಿತ್ತು, ಕಾಡೆಮ್ಮೆಯಂಥ ಬೈಸನ್‌ಗಳಿಗೆ ಸಾಲದು. 1876ರಲ್ಲಿ ಅದೇ ಕಂಪನಿ ದೊಡ್ಡ ತೋಟಾದ ರೈಫಲನ್ನು ಹೊರತರಬೇಕಾಯಿತು. ಬೇಟೆಯೇ ಗುರಿಯಾದವರು ಜೋಡಿಯ ಗೊಡವೆಗೆ ಹೋಗಬಾರದೆಂದೇ ನಾವೂ ಹೇಳುತ್ತೇವೆ. ಆದರೆ ಜೋಡಿ ಕಟ್ಟಲು ಹೊರಟವರು ಅರ್ಧಕ್ಕೆ ನಿಲ್ಲಬಾರದು. ಇಲ್ಲವಾದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾದೀತು.

ಹಳೆಯ ಕಾಲದ ಮೋಹವೇ ಮುಖ್ಯವಾದವರಿಗೆ ನಮ್ಮ ಆಯ್ಕೆ .44-40. ಅದರ ಹಿತ್ತಾಳೆಯ ಕೋಶ ತೆಳು. ಸಿಡಿದಾಗ ಹಿಗ್ಗಿ ಗೂಡನ್ನು ಬಿಗಿಯಾಗಿ ಮುಚ್ಚುವುದರಿಂದ ಕರಿಮದ್ದಿನ ಮಸಿ ರೈಫಲಿನ ಒಡಲಿಗೆ ನುಗ್ಗುವುದಿಲ್ಲ. ಆ ತೆಳುವೇ ಅದರ ದೋಷವೂ ಹೌದು, ಮನೆಯಲ್ಲಿ ಮರುಭರ್ತಿ ಮಾಡುವವರ ಕೈಯಲ್ಲಿ ಕೋಶದ ಕತ್ತು ಬೇಗ ನಜ್ಜಾಗುತ್ತದೆ. ನಿಜವಾಗಿಯೂ ವಾರವಾರ ಗುಂಡು ಹಾರಿಸುವವರಿಗೆ, ಅಂದರೆ ಎರಡು ಸಿಂಗಲ್ ಆ್ಯಕ್ಷನ್ ರಿವಾಲ್ವರು, ಒಂದು ಲಿವರ್ ರೈಫಲು, ಒಂದು ಷಾಟ್‌ಗನ್ ಹಿಡಿದು ಆಡುವ ಕೌಬಾಯ್ ಸ್ಪರ್ಧೆಗಳವರಿಗೆ, ಸಂಕೋಚವಿಲ್ಲದೆ .357 ಮ್ಯಾಗ್ನಮ್ ಎನ್ನುತ್ತೇವೆ. 1935ರಲ್ಲಿ ಬಂದ ಈ ತೋಟಾ ಚರಿತ್ರೆಗೆ ಹೊರಗಿನದು, ನಿಜ. ಆದರೆ ಅದರ ಗೂಡಿನಲ್ಲಿ ಅಗ್ಗದ, ಮೆದುವಾದ .38 ಸ್ಪೆಷಲ್ ಕೂಡ ಕೂರುತ್ತದೆ. ರೈಫಲಿನ ಉದ್ದ ನಳಿಗೆಯಲ್ಲಿ ಅದರ ವೇಗ ಸೆಕೆಂಡಿಗೆ ನೂರಾರು ಅಡಿಗಳಷ್ಟು ಏರುತ್ತದೆ. .44 ಮ್ಯಾಗ್ನಮ್‌ನ ಮಾತನ್ನು ಬಿಟ್ಟೇಬಿಡುತ್ತೇವೆ. ಮಣಿಕಟ್ಟು ಮುರಿಸಿಕೊಳ್ಳುವ ಹಟವುಳ್ಳವರಿಗೆ ಸಲಹೆ ಬೇಕಿರುವುದಿಲ್ಲ.

ರಿವಾಲ್ವರಿನ ಪ್ರಶ್ನೆ ಉಳಿಯಿತು. ಹಳೆಯ ಕೋಲ್ಟ್ ಮಾದರಿಯಲ್ಲಿ ಆರು ಗೂಡುಗಳಿದ್ದರೂ ತುಂಬುವುದು ಐದನ್ನು. ಇಳಿಸಿದ ಕುದುರೆ ತೋಟಾದ ಬುಡಕ್ಕೇ ಒರಗುವುದರಿಂದ, ಕೈಜಾರಿ ಬಿದ್ದರೆ ಸಿಡಿದೀತೆಂದು ಅದರಡಿಯ ಗೂಡನ್ನು ಖಾಲಿ ಬಿಡುವುದು ವಾಡಿಕೆ. ರೂಗರ್ ಕಂಪನಿ 1973ರಿಂದ ತನ್ನ ಸಿಂಗಲ್ ಆ್ಯಕ್ಷನ್‌ಗಳಲ್ಲಿ ಅಡ್ಡಪಟ್ಟಿಯೊಂದನ್ನು ಅಳವಡಿಸಿ, ಟ್ರಿಗರ್ ಎಳೆಯದ ಹೊರತು ಕುದುರೆಯ ಏಟು ತೋಟಾಕ್ಕೆ ತಲುಪದಂತೆ ಮಾಡಿತು. ಕೋಲ್ಟಿನ ಕುದುರೆ ಎಳೆದಾಗ ಕೇಳುವ ನಾಲ್ಕು ಟಿಕ್ ಸದ್ದು ಇದರಲ್ಲಿಲ್ಲವೆಂದು ರಸಿಕರು ಹಲುಬುತ್ತಾರೆ. ಆ ಸದ್ದು ಇಂಪಾದುದೇ. ಹಾಗಿದ್ದರೂ ಹೊಸಬರ ಕೈಗೆ ನಾವು ರೂಗರನ್ನೇ ಕೊಡುತ್ತೇವೆ.

ಕನ್ನಡದ ಓದುಗರಿಗೆ ವಿಂಚೆಸ್ಟರ್ ಎಂಬ ಹೆಸರು ಹೊಸದಲ್ಲ. ಬೆಂಗಳೂರಿನ ಕೆನೆತ್ ಆಂಡರ್‌ಸನ್ ನರಭಕ್ಷಕಗಳ ಬೆನ್ನುಹತ್ತಿದಾಗ ಅವರ ಕೈಯಲ್ಲಿರುತ್ತಿದ್ದುದು .405 ವಿಂಚೆಸ್ಟರ್, ತೇಜಸ್ವಿಯವರ ‘ಕಾಡಿನ ಕಥೆಗಳು’ ಅದನ್ನು ನಮ್ಮ ಮನೆಮನೆಗೆ ತಂದವು. ಅದೂ ಲಿವರ್ ರೈಫಲೇ, 1895ರ ಮಾದರಿ. ಆದರೆ ಅದರ ತೋಟಾಗಳು ಕೊಳವೆಯ ಬದಲು ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಕೂರುತ್ತವೆ. 300 ಗ್ರೇನಿನ ಗುಂಡನ್ನು ಎಸೆಯುವ ಅಂಥ ತೋಟಾಕ್ಕೆ ಜೊತೆಯ ರಿವಾಲ್ವರನ್ನು ಹುಡುಕುವುದು ಆನೆಗೆ ಕುರಿಯ ಜೊತೆ ನೊಗ ಕಟ್ಟಿದಂತೆ. ಹುಲಿಯೆದುರು ನಿಂತವರು ಜೋಡಿಯ ವಿಷಯ ಯೋಚಿಸುವುದಿಲ್ಲ.

ನಮ್ಮ ದೇಶದ ಪರವಾನಗಿದಾರನಿಗಂತೂ ಈ ಆಯ್ಕೆಯ ಸುಖವೇ ಇಲ್ಲ. 2019ರ ತಿದ್ದುಪಡಿಯ ಬಳಿಕ ಒಬ್ಬನಿಗೆ ಎರಡೇ ಆಯುಧ. ಸಾಮಾನ್ಯವಾಗಿ ಅವನಿಗೆ ಒದಗುವುದು ಕಾನ್ಪುರದ.32 ರಿವಾಲ್ವರು, ಇಷಾಪುರದ .315 ರೈಫಲು. ಅಂಕೆಗಳನ್ನು ಕೇಳಿದರೆ ಅಣ್ಣತಮ್ಮಂದಿರೆನ್ನಬೇಕು, ತೋಟಾಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಕಿರುಬೆರಳಿಗಿಂತ ಚಿಕ್ಕದು, ಇನ್ನೊಂದು ನಡುಬೆರಳಿನಷ್ಟು ಉದ್ದ.